ಶೀಟಿನಡಿಯ ಮಾರುತಿ

ಉಡುಪಿ ಜಿಲ್ಲೆಯ ಸಾಸ್ತಾನ ಪೇಟೆಯಿಂದ ಪಡುವಣಕ್ಕೆ ತಿರುಗಿ ಕೋಡಿ ಕನ್ಯಾಣದ ಕಡೆಗೆ ಹೋಗುವಾಗ ಮನೆಗಳ ಅಂಗಳದ ಮೂಲೆ ನೋಡುತ್ತಾ ಹೋಗಿ. ಸಿಮೆಂಟ್ ಶೀಟಿನ ಮಾಡಿನಡಿಯಲ್ಲೋ, ತೆಂಗಿನ ಹೆಡೆ ಬೀಳುವ ಜಾಗದಲ್ಲೋ, ನೀಲಿ ಟಾರ್ಪಾಲು ಹೊದ್ದು ಒಂದೊಂದು ಕಾರು ನಿಂತಿರುತ್ತದೆ. ಹೆಚ್ಚಿನವು ಮಾರುತಿ 800. ನಡುವೆ ಒಂದು ಓಮ್ನಿ, ಅಪರೂಪಕ್ಕೆ ಒಂದು ಪದ್ಮಿನಿ. ಮನೆಗೆ ಬೀಗ. ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ಇಟ್ಟಿದ್ದಾರೆ, ಇಲ್ಲವೇ ಮುಂಬಯಿ, ದುಬೈ ಸೇರಿದ್ದಾರೆ. ಜಾತ್ರೆಗೋ ಮನೆದೇವರ ಪೂಜೆಗೋ ಬಂದಾಗ ಬ್ಯಾಟರಿ ಸತ್ತಿರುತ್ತದೆ. ಬಾಡಿಗೆ ರಿಕ್ಷಾದಲ್ಲಿ ತಿರುಗಿ ವಾಪಸ್ ಹೋಗುತ್ತಾರೆ. ಮಾರುವುದಕ್ಕೆ ಮನಸ್ಸು ಬರುವುದಿಲ್ಲ, ಅಪ್ಪ ಕೊಂಡ ಕಾರು. ಓಡಿಸುವುದಕ್ಕೆ ಜನ ಇಲ್ಲ.

ಅಂಥ ಒಂದು 800 ನಮ್ಮೂರಿನ ಕೆಲವು ಹುಡುಗರ ಕೈಗೆ ಬಂತು. ಕಾರ್ಬೊರೇಟರ್ ಕಾಲದ್ದು, ಬಿಳಿ ಬಣ್ಣದ್ದು, ಬಿಳಿ ಅಂತ ಆರ್‌ಸಿ ಪುಸ್ತಕದಲ್ಲಿ ಮಾತ್ರ ಇತ್ತು. ಅದನ್ನು ರೇಸ್ ಕಾರ್ ಮಾಡುತ್ತೇವೆ ಅಂದರು. ದುಡ್ಡು ಎಷ್ಟಿದೆ ಅಂದರೆ ನಕ್ಕರು. ಹೆದ್ದಾರಿ ಬದಿಯ ಗ್ಯಾರೇಜಿನ ಮೇಸ್ತ್ರಿ ಮಾತ್ರ ನಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಕೂಡ ಎತ್ತದೆ, ನೆಲಕ್ಕೆ ಅಂಗಾತ ಮಲಗಿ ಕಾರಿನ ಹೊಟ್ಟೆ ನೋಡಿದರು. "ಹ್ವಾಯ್, ಬಾಡಿ ಸಮ ಇತ್ತಾ ಕಾಂಬ ಮೊದ್ಲು. ಎಂಜಿನ್ ಎಲ್ಲಿಂದಾರೂ ತರ್ಲಕ್ಕ್. ಬಾಡಿ ಎಲ್ಲಿಂದ ತಪ್ಪುದ್?"

ಆ ಒಂದು ಮಾತಿನಿಂದಲೇ ನನಗೆ ಈ ಕೆಲಸದ ಮೇಲೆ ಆಸಕ್ತಿ ಹುಟ್ಟಿತು. ಕಾರು ಅಂದರೆ ಎಂಜಿನ್ ಅಂದುಕೊಂಡವನು ನಾನು. ಪತ್ರಿಕೆಯ ಜಾಹೀರಾತು, ಷೋರೂಮಿನ ಹುಡುಗ, ಗೆಳೆಯರ ಹರಟೆ, ಎಲ್ಲ ಕಡೆಯೂ ಸಿಸಿ, ಪವರ್, ಮೈಲೇಜು. ಮೇಸ್ತ್ರಿಗೆ ಕಾರು ಅಂದರೆ ತಗಡಿನ ಒಂದು ಪೆಟ್ಟಿಗೆ. ಉಳಿದದ್ದೆಲ್ಲ ಅದಕ್ಕೆ ಬೋಲ್ಟು ಹಾಕಿ ಸಿಕ್ಕಿಸಿದ್ದು.

ಸ್ಕ್ರೂಡ್ರೈವರ್ ತಂದು ಅವರು ಚುಚ್ಚಿ ನೋಡಿದ ಜಾಗಗಳನ್ನು ನೋಡಬೇಕಿತ್ತು. ಬಾಗಿಲಿನ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಮುಂದಿನ ಸಸ್ಪೆನ್ಷನ್ ಕಂಬ ಬಂದು ಕೂರುವ ಬುರುಡೆ, ಹಿಂದಿನ ಚಕ್ರದ ಕಮಾನಿನ ಒಳಮೈ, ಪೆಡಲಿನಡಿಯ ನೆಲ. ಎಲ್ಲ ಕಣ್ಣಿಗೆ ಬೀಳದ ಜಾಗಗಳೇ. ಬಾಗಿಲಿನ ಹೊರಮೈಯ ತುಕ್ಕನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. "ಅದ್ ಕಾಂತ್, ಹಾಂಗಾಯಿ ಅದ್ರ ಹೆದ್ರಿಕೆ ಇಲ್ಲೆ" ಅಂದರು. ಕಾಣದೆ ಇರುವುದು ಪೆಟ್ಟಿಗೆಯಾಕಾರದ ತೊಲೆಗಳ ಒಳಗಿನ ತುಕ್ಕು. ಬಾಗಿಲಿನ ತಳದಲ್ಲಿ ನೀರು ಬಸಿಯಲಿ ಅಂತ ಕಂಪನಿಯವರು ಇಟ್ಟ ಚಿಕ್ಕ ತೂತುಗಳಲ್ಲಿ ತೆಂಗಿನ ಹೂವಿನ ಪುಡಿ, ಧೂಳು ಸೇರಿ ಗಂಟಾಗಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಬಸಿಯದ ನೀರು ಏನು ಮಾಡೀತು? ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಉಪ್ಪು ತಾನು ಕಬ್ಬಿಣವನ್ನು ತಿನ್ನುವುದಿಲ್ಲ; ತೇವವನ್ನು ಹಿಡಿದಿಟ್ಟು ವಿದ್ಯುತ್ತಿನ ಹರಿವಿಗೆ ದಾರಿ ಮಾಡಿಕೊಟ್ಟು, ತುಕ್ಕಿನ ಕೆಲಸವನ್ನು ಎಷ್ಟೋ ಸುಲಭ ಮಾಡುತ್ತದೆ. ಘಟ್ಟದ ಮೇಲಿನ ಇದೇ ವಯಸ್ಸಿನ ಕಾರಿಗೂ ನಮ್ಮ ಕಡೆಯ ಕಾರಿಗೂ ಹೋಲಿಕೆಯೇ ಇಲ್ಲ ಅಂತ ಹಳೆ ಕಾರಿನ ವ್ಯಾಪಾರಿಗಳು ಹೇಳುವುದು ಸುಮ್ಮನೆ ಅಲ್ಲ.

ತುಕ್ಕು ಒಂದಾಯಿತು. ಓಡದೆ ನಿಂತದ್ದರಿಂದ ಬರುವ ರೋಗಗಳು ಬೇರೆಯೇ ಇವೆ. ಟ್ಯಾಂಕಿನ ಪೆಟ್ರೋಲು ಆವಿಯಾಗಿ ಹೋಗಿ, ಕಾರ್ಬೊರೇಟರಿನ ಸೂಜಿಮೊನೆಯಷ್ಟು ಸಣ್ಣ ಜೆಟ್‌ಗಳಲ್ಲಿ ಅಂಟು ಉಳಿದಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿದು ಕಾಫಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಡ್ರಮ್ಮಿನೊಳಗೆ ಬ್ರೇಕ್ ಷೂ ಹಿಡಿದುಕೊಂಡು, ಮೊದಲ ದಿನ ಕಾರನ್ನು ದೂಡುವುದಕ್ಕೂ ಆಗಲಿಲ್ಲ. ವಯರಿಂಗಿನ ಕಟ್ಟನ್ನು ಇಲಿ ಕಚ್ಚಿ ಗೂಡು ಮಾಡಿತ್ತು. ಇವೆಲ್ಲಕ್ಕಿಂತ ನನ್ನನ್ನು ನಿಲ್ಲಿಸಿದ್ದು ಟಯರು. ನಾಲ್ಕೂ ಟಯರಿನ ಹಲ್ಲು ಹೊಸದರಂತೆ ಎದ್ದು ನಿಂತಿದ್ದವು. ಹುಡುಗರಿಗೆ ಖುಷಿ, ದುಡ್ಡು ಉಳಿಯಿತು ಅಂತ. ಮೇಸ್ತ್ರಿ ಟಯರಿನ ಪಕ್ಕೆಯ ಮಣ್ಣನ್ನು ಹೆಬ್ಬೆರಳಿನಲ್ಲಿ ಒರೆಸಿ ನಾಲ್ಕು ಅಂಕೆ ತೋರಿಸಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಆ ಟಯರು ಹುಟ್ಟಿ ಹತ್ತು ವರ್ಷಗಳ ಮೇಲಾಗಿತ್ತು. ಉಗುರಿನಿಂದ ಒತ್ತಿದರೆ ಕಲ್ಲು. ಪಕ್ಕೆಯ ತುಂಬ ಕೂದಲೆಳೆಯಂಥ ಬಿರುಕು. ಒಂದು ಮಿಲಿಮೀಟರೂ ಸವೆಯದೆ ಮುಗಿದುಹೋದ ಟಯರು.

ಸವೆದು ಹಾಳಾಗುವುದು ನಮಗೆ ಗೊತ್ತು, ಅದಕ್ಕೆ ನಮ್ಮಲ್ಲಿ ಗೌರವವೂ ಇದೆ. ಸವೆಯದೇ ಹಾಳಾಗುವುದಕ್ಕೆ ನಾವು ಹೆಸರಿಟ್ಟುಕೊಂಡಿಲ್ಲ. 'ಚೆನ್ನಾಗಿ ಇಟ್ಟಿದ್ದೇವೆ' ಅನ್ನುವುದಕ್ಕೂ 'ಇಟ್ಟಿದ್ದೇವೆ' ಅನ್ನುವುದಕ್ಕೂ ವ್ಯತ್ಯಾಸ ಮಾಡದೆ ಎಷ್ಟೋ ವಸ್ತುಗಳನ್ನು, ಎಷ್ಟೋ ಮನೆಗಳನ್ನು ಹೀಗೇ ಇಟ್ಟುಕೊಂಡಿದ್ದೇವೆ. ಅಪ್ಪನ ಕಾರನ್ನು ಮುಟ್ಟದೆ ಕಾಪಾಡಿದವರು ಅದನ್ನು ಕಾಪಾಡಲಿಲ್ಲ. ಅದನ್ನು ಬಿಚ್ಚಿ, ಕೊಯ್ದು, ಸೀಟು ಕಿತ್ತು ಎಸೆದ ಹುಡುಗರು ಕಾಪಾಡಿದರು ಅಂತ ಹೇಳಿದರೆ ಆ ಮನೆಯವರಿಗೆ ಬೇಸರ ಆದೀತು. ಆದರೂ ನನ್ನ ತೀರ್ಮಾನ ಅದೇ.

ಹಳೆ ಕಾರನ್ನು ಮೊದಲಿನಂತೆ ಮಾಡುವುದು ಒಂದು ದಾರಿ. ಅದು ದುಬಾರಿ ದಾರಿ, ಮುಗಿಯದ ದಾರಿ ಕೂಡ: ಸರಿಯಾದ ಬಣ್ಣ, ಅದೇ ಕಾಲದ ಹಿಡಿಕೆ, ಅದೇ ಅಕ್ಷರದ ಲಾಂಛನ. ರೇಸ್ ಕಾರು ಮಾಡುವುದು ಇನ್ನೊಂದು ದಾರಿ, ಅದರ ಲೆಕ್ಕ ತಿರುಗುಮುರುಗು. ಇಲ್ಲಿ ಸೇರಿಸುವುದಕ್ಕಿಂತ ಕಳೆಯುವುದೇ ಹೆಚ್ಚು, ಮತ್ತು ಕಳೆಯುವುದಕ್ಕೆ ದುಡ್ಡು ಬೇಡ. 796 ಸಿಸಿಯ ಮೂರು ಸಿಲಿಂಡರಿನ ಆ ಎಂಜಿನ್ ಹೊಸದಾಗಿದ್ದಾಗ ಕೊಡುತ್ತಿದ್ದದ್ದು ಸುಮಾರು 37 ಅಶ್ವಶಕ್ತಿ. ಕಾರಿನ ತೂಕ ಸುಮಾರು 650 ಕಿಲೊ. 70 ಕಿಲೊದ ಚಾಲಕ ಕೂತರೆ 720. ಅಂದರೆ ಒಂದೊಂದು ಅಶ್ವಶಕ್ತಿಯ ಪಾಲಿಗೆ ಹತ್ತೊಂಬತ್ತೂವರೆ ಕಿಲೊ ಹೊರೆ. ಈಗ 80 ಕಿಲೊ ಇಳಿಸಿ ನೋಡಿ. ಪಾಲಿಗೆ ಬರುವುದು 17.3 ಕಿಲೊ. ಹಳೆ ತೂಕದಲ್ಲೇ ಈ ಅನುಪಾತ ಬೇಕಿದ್ದರೆ ಎಂಜಿನ್ನಿನಿಂದ ನಾಲ್ಕೂವರೆ ಅಶ್ವಶಕ್ತಿ ಹೆಚ್ಚು ಹಿಂಡಬೇಕಿತ್ತು. ಅದಕ್ಕೆ ಕ್ಯಾಮು, ಹೆಡ್ಡು, ಲೇತಿನ ಖರ್ಚು ಎಷ್ಟಾಗುತ್ತಿತ್ತೋ. ಎಂಜಿನ್ ಕೊಟ್ಟ ಶಕ್ತಿ ವೇಗ ಹೆಚ್ಚಿಸುವುದಕ್ಕೆ ಮಾತ್ರ ಬರುತ್ತದೆ. ಇಳಿಸಿದ ತೂಕ ತಿರುವಿನಲ್ಲೂ ಬ್ರೇಕಿನಲ್ಲೂ ಟಯರಿನ ಆಯುಷ್ಯದಲ್ಲೂ ಉಪಕಾರಕ್ಕೆ ಬರುತ್ತದೆ.

ಆ 80 ಕಿಲೊ ಎಲ್ಲಿಂದ ಬಂತು ಅನ್ನುವುದು ಗ್ಯಾರೇಜಿನ ಹಿಂದೆ ರಾಶಿ ಬಿದ್ದಾಗ ಗೊತ್ತಾಯಿತು. ಹಿಂದಿನ ಸೀಟು, ಮುಂದಿನ ಎಡದ ಸೀಟು, ಕಾರ್ಪೆಟ್ಟು, ಅದರಡಿಯ ಡಾಂಬರಿನ ಹಾಳೆ, ಬಾಗಿಲಿನ ಒಳಮೈಯ ರಟ್ಟು, ಏಸಿಯ ಕಂಪ್ರೆಸರ್, ಕಂಡೆನ್ಸರ್, ಆ ಪೈಪುಗಳು, ಹೀಟರ್ ಡಬ್ಬಿ, ಸ್ಪೀಕರು, ಸ್ಟೆಪ್ನಿ, ಬಂಪರಿಗೆ ಸಿಕ್ಕಿಸಿದ ಸ್ಟೀಲ್ ಗಾರ್ಡು. ಡಾಂಬರಿನ ಹಾಳೆ ಕೀಳುವುದು ಕಷ್ಟದ ಕೆಲಸ. ಬಿಸಿ ಮಾಡಿ, ಉಳಿಯಿಂದ ಹೆರೆದು, ಮೊಣಕಾಲು ಸೋತು ಒಬ್ಬ ಹುಡುಗ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಅದರಡಿಯಿಂದ ಕಾರಿನ ಮೊದಲ ಬಣ್ಣ ಹೊರಬಂತು, ಷೋರೂಮಿನಿಂದ ಬಂದ ದಿನದ ಬಿಳಿ.

ಆ ರಾಶಿಯನ್ನು ನೋಡುತ್ತಾ ನನಗೆ ಅನಿಸಿದ್ದು ಇಷ್ಟು: ಕಾರು ಕೊಳ್ಳುವಾಗ ನಾವು ಮುಟ್ಟಿ ನೋಡಿ, ಮಾತಾಡಿ, ಹೆಚ್ಚು ದುಡ್ಡು ಕೊಟ್ಟು ತಂದದ್ದೆಲ್ಲ ಈ ರಾಶಿಯಲ್ಲಿದೆ. ಏಸಿ ಇದ್ದ ಮಾದರಿ, ಒಳ್ಳೆಯ ಸೀಟು ಕವರು, ಮ್ಯೂಸಿಕ್ ಸಿಸ್ಟಮ್ಮು. ಕಾರಿನ ಕೆಲಸಕ್ಕೆ ಬೇಕಾದದ್ದು, ನಾವು ಕೇಳದೆಯೇ ಬಂದದ್ದು, ಪೆಟ್ಟಿಗೆಯಲ್ಲೇ ಉಳಿದಿದೆ. ನೆಮ್ಮದಿಯ ಸವಾರಿ ಬೇಡ ಅಂತ ಹೇಳುತ್ತಿಲ್ಲ. ನಮ್ಮ ಸೆಕೆಯಲ್ಲಿ ಏಸಿ ಬೇಕೇ ಬೇಕು. ಆದರೆ ಯಾವುದು ಯಾವುದಕ್ಕಾಗಿ ಇದೆ ಅನ್ನುವ ವಿವೇಚನೆ, ದುಡ್ಡಿದ್ದಾಗ ಹುಟ್ಟುವುದೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಕೊಂಡುಬಿಡಬಹುದಲ್ಲ.

ಸಣ್ಣ ಕಾರಿನಿಂದ, ಅದೂ ಬೇರೆಯವರು ಬಿಟ್ಟ ಕಾರಿನಿಂದ ರೇಸು ಶುರುಮಾಡಿದವರ ಕಥೆ ದೊಡ್ಡದಿದೆ. ಇಂಗ್ಲೆಂಡಿನಲ್ಲಿ 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಅಂತ ಒಂದು ಪುಟ್ಟ ಕಾರು ಇತ್ತು. 747 ಸಿಸಿ, ನಮ್ಮ ಮಾರುತಿಗಿಂತಲೂ ಒಂದು ಕೈ ಚಿಕ್ಕದು. ಮೋಟಾರ್ ಸೈಕಲಿಗೆ ಪಕ್ಕದ ತೊಟ್ಟಿಲು ಕಟ್ಟಿಕೊಂಡು ಹೆಂಡತಿ ಮಕ್ಕಳನ್ನು ಹೊತ್ತೊಯ್ಯುತ್ತಿದ್ದವರಿಗೆ ಅದು ಮೊದಲ ಕಾರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವು ಷೆಡ್ಡುಗಳಲ್ಲಿ, ಕೊಟ್ಟಿಗೆಗಳಲ್ಲಿ ಚಿಲ್ಲರೆ ಬೆಲೆಗೆ ಸಿಗುತ್ತಿದ್ದವು. ಕಾಲಿನ್ ಚಾಪ್‌ಮನ್ ಅನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿ 1948ರಲ್ಲಿ ಅಂಥ ಒಂದು ಹಳೆ ಆಸ್ಟಿನ್ ಸೆವೆನ್ ಹಿಡಿದು ತನ್ನ ಮೊದಲ ಕಾರು ಕಟ್ಟಿದ. ಅದೂ ತನ್ನ ಹುಡುಗಿಯ ಮನೆಯ ಹಿತ್ತಲಿನ ಗ್ಯಾರೇಜಿನಲ್ಲಿ. ಆ ಹುಡುಗಿ ಮುಂದೆ ಅವನ ಹೆಂಡತಿಯಾದಳು. ಆ ಕಾರು ಲೋಟಸ್ ಕಂಪನಿಯ ಮೊದಲ ಕಾರಾಯಿತು. ತೂಕ ಇಳಿಸುವುದೇ ಎಲ್ಲಕ್ಕಿಂತ ದೊಡ್ಡ ವಿದ್ಯೆ ಅಂತ ಜೀವನವಿಡೀ ನಂಬಿದ ಮನುಷ್ಯ.

ಇನ್ನೊಂದು ಕಥೆ ನ್ಯೂಜಿಲೆಂಡಿನದು. ಆಕ್ಲೆಂಡಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ಲೆಸ್ ಮೆಕ್‌ಲಾರೆನ್ 1929ರ ಒಂದು ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರನ್ನು ಬಿಚ್ಚಿದ ಸ್ಥಿತಿಯಲ್ಲೇ ತಂದ. ಮಗ ಬ್ರೂಸ್‌ಗೆ ಚಿಕ್ಕಂದಿನಲ್ಲಿ ಸೊಂಟದ ಮೂಳೆಯ ಕಾಯಿಲೆ ಬಂದು, ವರ್ಷಗಟ್ಟಲೆ ಮಕ್ಕಳ ಚಿಕಿತ್ಸಾ ಕೇಂದ್ರದಲ್ಲಿ ಮಲಗಿದಲ್ಲೇ ಇರಬೇಕಾಗಿತ್ತು. ಒಂದು ಕಾಲು ಗಿಡ್ಡವೇ ಉಳಿಯಿತು. ಅಪ್ಪ ಮಗ ಸೇರಿ ಆ ಕಾರನ್ನು ಜೋಡಿಸಿದರು. 1952ರಲ್ಲಿ, ಇನ್ನೂ ಮೀಸೆ ಚಿಗುರದ ಬ್ರೂಸ್ ಅದೇ ಕಾರಿನಲ್ಲಿ ಮುರಿವಾಯ್ ಅನ್ನುವ ಕಡಲತೀರದ ಊರಿನ ಏರುದಾರಿಯಲ್ಲಿ ತನ್ನ ಮೊದಲ ಸ್ಪರ್ಧೆಗೆ ಇಳಿದ. 1963ರಲ್ಲಿ ಅವನು ಕಟ್ಟಿದ ತಂಡ ಇಂದಿಗೂ ಫಾರ್ಮುಲಾ ಒನ್‌ನಲ್ಲಿ ಅವನ ಹೆಸರಿನಲ್ಲೇ ಓಡುತ್ತಿದೆ. 1970ರಲ್ಲಿ, ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕಿನಲ್ಲಿ ಹೊಸ ಕಾರೊಂದನ್ನು ಪರೀಕ್ಷೆ ಮಾಡುತ್ತಿರುವಾಗಲೇ ಅವನು ಸತ್ತ. ಮೂವತ್ತೆರಡು ವರ್ಷ. ಈ ಆಟಕ್ಕೆ ಆ ಮುಖವೂ ಇದೆ ಅನ್ನುವುದನ್ನು ಮರೆತು ಮಾತಾಡುವವರ ಮಾತು ಕೇಳಬಾರದು.

ನಮ್ಮ ದೇಶದಲ್ಲಿ ಆಸ್ಟಿನ್ ಸೆವೆನ್ನಿನ ಜಾಗದಲ್ಲಿ ಇದ್ದದ್ದು ಮಾರುತಿ 800. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ದೇಶದೊಳಗೇ 25 ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾದವು. ಅಷ್ಟು ಸಂಖ್ಯೆಯಲ್ಲಿ ಬಂದ ಯಂತ್ರಕ್ಕೆ ಒಂದು ದೊಡ್ಡ ಗುಣ ಇರುತ್ತದೆ: ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ರಿಪೇರಿ ಎಲ್ಲರಿಗೂ ಗೊತ್ತು. ಇದನ್ನು ಮೊದಲು ಗುರುತಿಸಿದವರಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಒಬ್ಬರು. ಬಟ್ಟೆ ಗಿರಣಿಯ ಶ್ರೀಮಂತ ಮನೆತನದವರು, ಬೇಕಿದ್ದರೆ ವಿದೇಶಿ ಕಾರು ತರಿಸಿ ಓಡಿಸಿಕೊಂಡು ಇರಬಹುದಿತ್ತು. ಅವರು ಮಾಡಿದ್ದು ಬೇರೆ. ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಮಾರುತಿಯ ಎಂಜಿನ್ ಕೂರಿಸಿ ಒಬ್ಬರೇ ಕೂರುವ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಮಧ್ಯಮ ವರ್ಗದ ಹುಡುಗರೂ ಚಕ್ರ ಹಿಡಿಯುವಂತಾಯಿತು. ಮುಂದೆ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ರೇಸಿನ ಅ ಆ ಇ ಈ ಕಲಿತದ್ದು ಶ್ರೀಪೆರಂಬುದೂರಿನ ಟ್ರ್ಯಾಕಿನಲ್ಲಿ, ಈ ಫಾರ್ಮುಲಾ ಮಾರುತಿಯಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಅವರದೇ ಹೆಸರು.

ಇಷ್ಟೆಲ್ಲ ಕಥೆ ಕೇಳಿದ ಮೇಲೆ ನಮ್ಮ ಹುಡುಗರಿಗೂ ಉತ್ಸಾಹ ಏರಿತು. ಏರಿದ ಉತ್ಸಾಹ ನೇರ ಹೋಗಿ ಕೂತದ್ದು ಸೈಲೆನ್ಸರಿನ ಮೇಲೆ. ಕೈಯಲ್ಲಿದ್ದ ದುಡ್ಡಿನಲ್ಲಿ ಮೊದಲು ಒಂದು ದಪ್ಪ ಕೊಳವೆಯ ಸೈಲೆನ್ಸರ್ ಹಾಕಿಸಬೇಕು, ಶಬ್ದ ಕೇಳಿದರೆ ಊರೇ ತಿರುಗಿ ನೋಡಬೇಕು ಅಂತ ಒಬ್ಬ. ಅಲಾಯ್ ಚಕ್ರ ಅಂತ ಇನ್ನೊಬ್ಬ. ಮೇಸ್ತ್ರಿ ಏನೂ ಹೇಳದೆ ಬ್ರೇಕಿನ ಹಳೆ ಆಯಿಲನ್ನು ಒಂದು ಗಾಜಿನ ಬಾಟಲಿಗೆ ಬಸಿದು ಬೆಂಚಿನ ಮೇಲೆ ಇಟ್ಟರು, ಪಕ್ಕದಲ್ಲಿ ಹೊಸ ಆಯಿಲಿನ ಡಬ್ಬ. ಡಾಟ್ 4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ನೀರು ಕುಡಿದ ಮೇಲೆ ಅದೇ ಆಯಿಲಿಗೆ ನಿಗದಿ ಮಾಡಿದ ಮಿತಿ 155. ರೇಸಿನಲ್ಲಿ ನಾಲ್ಕು ತಿರುವು ಬ್ರೇಕ್ ಒತ್ತಿದರೆ ಆ ಶಾಖ ಬರುವುದು ಕಷ್ಟವಲ್ಲ. ಆಯಿಲು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ಪೆಡಲು ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಬ್ರೇಕು ಹಿಡಿಯುವುದಿಲ್ಲ, ಕಾಲು ನೆಲ ಮುಟ್ಟುತ್ತದೆ. ವೇಗದ ಲೆಕ್ಕವೂ ಕ್ರೂರ. ಗಂಟೆಗೆ 60 ಕಿಲೊಮೀಟರಿನಿಂದ 80ಕ್ಕೆ ಹೋದರೆ ವೇಗ ಮೂರನೇ ಒಂದರಷ್ಟು ಹೆಚ್ಚು, ನಿಲ್ಲಿಸಬೇಕಾದ ಚಲನಶಕ್ತಿ ಶೇಕಡಾ 78ರಷ್ಟು ಹೆಚ್ಚು. ಬೆಂಚಿನ ಮೇಲಿನ ಆ ಕಾಫಿ ಬಣ್ಣದ ಬಾಟಲಿಯನ್ನು ಯಾರೂ ಎತ್ತಿಡಲಿಲ್ಲ, ಸೈಲೆನ್ಸರಿನ ಮಾತು ಮಾತ್ರ ನಿಂತಿತು.

ಅಮೆರಿಕದಲ್ಲಿ 2006ರಿಂದ ನಡೆದು ಬಂದಿರುವ ಒಂದು ತಮಾಷೆಯ ರೇಸು ಇದೆ, ಟ್ವೆಂಟಿ ಫೋರ್ ಅವರ್ಸ್ ಆಫ್ ಲೆಮನ್ಸ್. ಜೇ ಲ್ಯಾಮ್ ಅನ್ನುವ ಪತ್ರಕರ್ತ ಶುರುಮಾಡಿದ್ದು. ಕಾರಿನ ಬೆಲೆ 500 ಡಾಲರ್ ಮೀರಬಾರದು ಅನ್ನುವುದೇ ಅದರ ಮುಖ್ಯ ನಿಯಮ. ಗುಜರಿ ಕಾರುಗಳಿಗೆ ಬಣ್ಣ ಬಳಿದು, ವೇಷ ಕಟ್ಟಿ ಜನ ಬರುತ್ತಾರೆ. ಬೆಲೆ ಮೀರಿದೆ ಅನಿಸಿದರೆ ತೀರ್ಪುಗಾರರು ಸುತ್ತುಗಳನ್ನು ಕಡಿಯುತ್ತಾರೆ. ನಗುವ ವಿಷಯ ಇಷ್ಟೇ. ಆ 500 ಡಾಲರಿನ ಲೆಕ್ಕಕ್ಕೆ ಬ್ರೇಕು, ಚಾಲಕನ ಸೀಟು, ಬೆಲ್ಟು, ರೋಲ್ ಕೇಜು ಮುಂತಾದ ಸುರಕ್ಷತೆಯ ಸಾಮಾನು ಸೇರುವುದೇ ಇಲ್ಲ. ಅವಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಿ, ಯಾರೂ ಕೇಳುವುದಿಲ್ಲ. ಕಡಿಮೆ ಮಾಡಿದರೆ ಟ್ರ್ಯಾಕಿಗೆ ಬಿಡುವುದಿಲ್ಲ. ಅಗ್ಗದ ರೇಸು ಅಂದರೆ ಏನು ಅನ್ನುವುದನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದು ನಾನು ಕಂಡಿಲ್ಲ. ಓಡುವುದರಲ್ಲಿ ಬಡತನ ಇರಬಹುದು, ನಿಲ್ಲುವುದರಲ್ಲಿ ಇರಬಾರದು.

ರೋಲ್ ಕೇಜು ಅಂದರೆ ಕಾರು ಮಗುಚಿದರೆ ಮಾಡು ಕುಸಿದು ತಲೆ ಮೇಲೆ ಬೀಳದಂತೆ ಒಳಗಡೆ ಕಟ್ಟುವ ಕೊಳವೆಗಳ ಪಂಜರ. ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಅಳತೆ ಖಚಿತವಾಗಿದೆ: ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, ಎರಡೂವರೆ ಮಿಲಿಮೀಟರ್ ದಪ್ಪದ ಗೋಡೆ, ಇಲ್ಲವೇ 50 ಮಿಲಿಮೀಟರ್ ವ್ಯಾಸ, ಎರಡು ಮಿಲಿಮೀಟರ್ ದಪ್ಪ, ತಣ್ಣಗೆ ಎಳೆದ, ಹೊಲಿಗೆ ಇಲ್ಲದ ಉಕ್ಕಿನ ಕೊಳವೆಯೇ ಆಗಬೇಕು. ನಮ್ಮ ಕಡೆ ಮನೆ ಮನೆಯಲ್ಲೂ ಬಾವಿಯಿಂದ ನೀರು ಎತ್ತಲು ಜಿಐ ಪೈಪು ಇರುತ್ತದೆ. ಕೈಗೆ ಸಿಗುವ ಸಾಮಾನು ಅದು, ಆಸೆಯೂ ಅಲ್ಲೇ ಹುಟ್ಟುವುದು. ಹಂಗಾರಕಟ್ಟೆ ಕಡೆ ಬೋಟಿನ ಕೆಲಸ ಮಾಡುವ ಒಬ್ಬ ವೆಲ್ಡರನ್ನು ಕರೆಸಿದ್ದರು. ಅವರು ಜಿಐ ಪೈಪಿನ ತುಂಡೊಂದನ್ನು ಬೆಳಕಿಗೆ ಹಿಡಿದು ಹುಡುಗರಿಗೆ ಒಳಗೆ ನೋಡಲು ಹೇಳಿದರು. ಒಳಮೈಯಲ್ಲಿ ಉದ್ದಕ್ಕೆ ಒಂದು ಗೆರೆ, ತಗಡನ್ನು ಸುತ್ತಿ ಬೆಸೆದ ಹೊಲಿಗೆ. ಪೆಟ್ಟು ಬಿದ್ದರೆ ಪೈಪು ಆ ಗೆರೆಯಲ್ಲಿ ಬಾಯಿ ಬಿಡಬಹುದು. ಮತ್ತೆ ಸತುವಿನ ಲೇಪದ ಮೇಲೆ ಬೆಸೆದರೆ ಬರುವ ಹೊಗೆ ವಿಷ. ಪೈಪು ಬದಿಗೆ ಹೋಯಿತು. ಸರಿಯಾದ ಕೊಳವೆ ಬರುವವರೆಗೆ ಕೆಲಸ ನಿಂತಿತು, ಎಷ್ಟೋ ದಿನ ನಿಂತಿತು. ನನ್ನ ಪ್ರಕಾರ ಆ ಇಡೀ ಕೆಲಸದಲ್ಲಿ ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದೇ, ಕಾಯ್ದದ್ದು.

ಬೋಟಿನವರಿಗೆ ಈ ಬುದ್ಧಿ ಹೇಗೆ ಬಂತು ಅಂತ ಯೋಚಿಸಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನಗಳಲ್ಲಿ ಬೋಟು ಮೇಲೆತ್ತಿ, ತಳ ಹೆರೆದು, ಹಲಗೆ ಬದಲಿಸಿ, ಎಂಜಿನ್ ಬಿಚ್ಚಿ ಕೂರಿಸಿ, ಬಣ್ಣ ಬಳಿದು ಇಳಿಸಬೇಕು. ಕಾಯ್ದೆ ಕೊಟ್ಟ ರಜೆಯನ್ನು ಅವರು ದುರಸ್ತಿಯ ಹಂಗಾಮು ಮಾಡಿಕೊಂಡಿದ್ದಾರೆ. ಆಗಸ್ಟಿನಲ್ಲಿ ಕಡಲಿಗೆ ಇಳಿದ ಮೇಲೆ ಅಲ್ಲಿ ಗ್ಯಾರೇಜು ಇಲ್ಲ. ತಳದ ಒಂದು ತೂತನ್ನು 'ಮುಂದಿನ ತಿಂಗಳು ನೋಡುವ' ಅಂದರೆ ಮುಂದಿನ ತಿಂಗಳು ನೋಡಲು ಅವರಿರುವುದಿಲ್ಲ. ಹಾಗಾಗಿ ಉದಾಸೀನ ಅವರಿಗೆ ಗೊತ್ತೇ ಇಲ್ಲದ ಐಷಾರಾಮ. ರಸ್ತೆಯ ಕಾರಿಗೆ ಆ ಭಯ ಇಲ್ಲ. ನಿಂತರೆ ಕರೆಯಲು ಯಾರಾದರೂ ಇದ್ದಾರೆ, ಹಾಗಾಗಿ ಸರ್ವಿಸ್ ಮುಂದೆ ಹೋಗುತ್ತದೆ, ಟಯರು ಮುಂದೆ ಹೋಗುತ್ತದೆ, ಬ್ರೇಕ್ ಆಯಿಲು ಬದಲಿಸಬೇಕು ಅನ್ನುವುದೇ ಅರ್ಧ ಜನರಿಗೆ ಗೊತ್ತಿಲ್ಲ. ರೇಸ್ ಕಾರು ಬೋಟಿನ ಜಾತಿಯದು. ಪ್ರತಿ ಓಟದ ಮೊದಲು ಬಿಚ್ಚಬೇಕು, ಪ್ರತಿ ಬೋಲ್ಟಿಗೂ ಕೈ ಹಚ್ಚಬೇಕು, ಬೆಲ್ಟಿನ ಚೀಟಿಯಲ್ಲಿ ಅವಧಿ ಮುಗಿಯುವ ವರ್ಷ ಓದಬೇಕು. ವಂಡಾರಿನ ಕಂಬಳಕ್ಕೆ ಕೋಣ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಯಲ್ಲಿ ಕೋಣ ಓಡುವುದು ಕೆಲವು ಸೆಕೆಂಡು, ಹುರುಳಿ ಬೇಯಿಸುವುದು ವರ್ಷವಿಡೀ.

ಕಾರು ಈಗ ತಯಾರಾಗಿದೆ. ಓಡಿಸುವುದು ಎಲ್ಲಿ?

ಇಲ್ಲಿಗೆ ಬಂದಾಗ ಮಾತು ಕಹಿಯಾಗುತ್ತದೆ. ಗ್ಯಾರೇಜಿನ ಎದುರಿಗೇ ರಾಷ್ಟ್ರೀಯ ಹೆದ್ದಾರಿ 66, ನಾಲ್ಕು ಪಥ, ಕನ್ನಡಿಯಂಥ ರಸ್ತೆ. ಸಾಸ್ತಾನ ಅಂದರೆ ಹೊರಗಿನವರಿಗೆ ನೆನಪಾಗುವುದು ಅಲ್ಲಿನ ಟೋಲ್ ಗೇಟು ಮತ್ತು ಸ್ಥಳೀಯರಿಗೆ ವಿನಾಯಿತಿ ಬೇಕೆಂದು ಅದರೆದುರು ಕೂತ ಪ್ರತಿಭಟನೆಗಳು. ರಾತ್ರಿ ಹತ್ತು ಗಂಟೆ ಮೇಲೆ ಮಾಬುಕಳ ಸೇತುವೆ ದಾಟಿ ಬರುವ ಬೈಕು ಕಾರುಗಳ ಸೈಲೆನ್ಸರಿನ ಆರ್ಭಟ ಕೇಳಿದವರಿಗೆ ಗೊತ್ತು, ಓಟದ ಗೀಳಿಗೆ ನಮ್ಮಲ್ಲಿ ಬರ ಇಲ್ಲ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಅದೇ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪವನ್ನು ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಸೀಟು ಕಿತ್ತು ಪಂಜರ ಕಟ್ಟಿದ 800 ಇನ್ನು ರಸ್ತೆಯ ಕಾರಲ್ಲ. ಹಾಲಿನ ಡೈರಿಗೆ ಹೋಗುವುದಕ್ಕೂ ಅದನ್ನು ಹೊರಗೆ ತೆಗೆಯುವಂತಿಲ್ಲ. ಇನ್ನೊಂದು ವಾಹನದ ಮೇಲೆ ಹೇರಿಕೊಂಡೇ ಹೋಗಬೇಕು. ಕಾಯ್ದೆಯನ್ನು ನಾನು ಒಪ್ಪುತ್ತೇನೆ. ರಸ್ತೆಯಲ್ಲಿ ಎದುರಿಗೆ ಬರುವ ಸ್ಕೂಟರಿನವಳು ಯಾವ ಪಂದ್ಯಕ್ಕೂ ಹೆಸರು ಕೊಟ್ಟವಳಲ್ಲ.

ಹಾಗಾದರೆ ಹೋಗುವುದು ಎಲ್ಲಿಗೆ? ದೊಡ್ಡ ಟ್ರ್ಯಾಕು ಬೇಕೆಂದರೆ ಚೆನ್ನೈ ಹತ್ತಿರ, ಇಲ್ಲವೇ ಕೊಯಮತ್ತೂರು. ಲಾರಿ ಬಾಡಿಗೆ, ಉಳಿಯುವ ಖರ್ಚು, ಸ್ಪರ್ಧೆಯ ಲೈಸೆನ್ಸು, ಪ್ರವೇಶ ಶುಲ್ಕ, ಟಯರು. ಕಾರಿಗೆ ಸುರಿದದ್ದಕ್ಕಿಂತ ಹೆಚ್ಚು ಅದನ್ನು ಒಯ್ಯುವುದಕ್ಕೇ ಬೇಕು. ಕಡಿಮೆ ಖರ್ಚಿನ ರೇಸ್ ಕಾರು ಅನ್ನುವುದು ಅರ್ಧ ಸತ್ಯ. ಕಾರು ಕಡಿಮೆ ಖರ್ಚಿನದು, ರೇಸು ಅಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರ‍್ಯಾಲಿ ನಡೆಯುತ್ತದೆ, ಕೊಡಗಿನಲ್ಲೂ ನಡೆದಿದೆ. ಕಾಸರಗೋಡು ಕಡೆಯ ಮೊಗ್ರಾಲಿನ ಮೂಸಾ ಶರೀಫ್ ರ‍್ಯಾಲಿ ಕಾರಿನ ಎಡಸೀಟಿನಲ್ಲಿ ಕೂತು ದಾರಿ ಓದಿ ಹೇಳುತ್ತಲೇ ದೇಶದ ದೊಡ್ಡ ಸಹಚಾಲಕರಲ್ಲಿ ಒಬ್ಬರಾದರು. ಉಡುಪಿಯ ಕೆ.ಪಿ. ಅರವಿಂದ್ ಬೈಕಿನಲ್ಲಿ 2019ರ ಡಕಾರ್ ರ‍್ಯಾಲಿ ಮುಗಿಸಿ ಬಂದರು. ಕರಾವಳಿಯ ಹುಡುಗರಿಗೆ ಕೈ ಇಲ್ಲ, ಧೈರ್ಯ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಇಲ್ಲದಿರುವುದು ಜಾಗ.

ಜಾಗ ಅಂದರೆ ಕೋಟಿಗಟ್ಟಲೆಯ ಡಾಂಬರು ಟ್ರ್ಯಾಕು ಕೇಳುತ್ತಿಲ್ಲ. ನಮ್ಮ ಮುರಕಲ್ಲಿನ ಬೋಳು ಹಾಡಿಗಳು, ಕಲ್ಲು ತೆಗೆದು ಬಿಟ್ಟ ಸಮತಟ್ಟು ಜಾಗಗಳು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ ಇರುತ್ತವೆ. ವರ್ಷಕ್ಕೆ ಎರಡು ದಿನ ಕೋನ್ ಇಟ್ಟು, ಒಂದು ಸಲಕ್ಕೆ ಒಂದೇ ಕಾರು ಬಿಟ್ಟು, ಗಡಿಯಾರದ ಎದುರು ಓಡಿಸುವ ಆಟೊಕ್ರಾಸಿಗೆ ಅಷ್ಟು ಸಾಕು. ರೇಸಿನ ಒಕ್ಕೂಟದ ಪರವಾನಗಿ, ಆಂಬುಲೆನ್ಸು, ಬೆಂಕಿ ಆರಿಸುವವರು, ಪ್ರೇಕ್ಷಕರನ್ನು ದೂರ ಇಡುವ ಬೇಲಿ ಇರಬೇಕು. ಅದನ್ನೆಲ್ಲ ಬಿಟ್ಟು ಮಾಡುವುದಾದರೆ ಮಾಡದಿರುವುದೇ ಲೇಸು. ಕಂಬಳಕ್ಕೆ, ಕ್ರಿಕೆಟ್ ಟೂರ್ನಮೆಂಟಿಗೆ, ಯಕ್ಷಗಾನದ ಮೇಳಕ್ಕೆ ಗದ್ದೆ ಬಿಟ್ಟುಕೊಡುವ ಊರಿನವರು, ಪಂಚಾಯಿತಿಯವರು ಇದನ್ನೂ ಒಂದು ಸಲ ಯೋಚಿಸಬಹುದು. ಹೆದ್ದಾರಿಯಲ್ಲಿ ರಾತ್ರಿ ಕೇಳುವ ಶಬ್ದ ಕಡಿಮೆಯಾಗಲು ಪೊಲೀಸರ ದಂಡ ಒಂದೇ ಸಾಲುವುದಿಲ್ಲ ಅನ್ನುವುದು ಪೊಲೀಸರಿಗೂ ಗೊತ್ತು. ಒಮ್ಮೆ ತನ್ನ ಕೈಯಾರೆ ಬ್ರೇಕು ಬಿಚ್ಚಿ ಜೋಡಿಸಿದ ಹುಡುಗ ರಸ್ತೆಯಲ್ಲಿ ಓಡಿಸುವ ರೀತಿಯೇ ಬೇರೆ ಇರುತ್ತದೆ. ಆ ಗ್ಯಾರೇಜಿನ ಹುಡುಗರಲ್ಲಿ ನಾನು ಅದನ್ನು ಕಂಡಿದ್ದೇನೆ. ಸೈಲೆನ್ಸರ್ ಬೇಕು ಅಂದವನು ಈಗ ಊರಿನವರ ಸ್ಕೂಟರುಗಳ ಟಯರಿನ ವರ್ಷ ಓದಿ ಬೈಯುತ್ತಾ ತಿರುಗುತ್ತಾನೆ.

ನಿಮ್ಮ ಮನೆಯ ಮೂಲೆಯಲ್ಲೂ ಶೀಟಿನಡಿ ಒಂದು ಮಾರುತಿ ನಿಂತಿದ್ದರೆ, ಗುಜರಿಯವನಿಗೆ ಫೋನ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಬಾಗಿಲಿನ ಕೆಳಗೆ ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಬಲವಾಗಿ ಒತ್ತಿ ನೋಡಿ. ತೂತು ಬಿದ್ದರೆ ಗುಜರಿಯವನೇ ಸರಿ. ಬೀಳದಿದ್ದರೆ ಯಾರಾದರೂ ಹುಡುಗರಿಗೆ ಕೊಡಿ, ದುಡ್ಡು ಕೇಳಬೇಡಿ. ಬ್ರೇಕಿನ ಕೆಲಸ ಮುಗಿಯದೆ ಎಂಜಿನ್ ಮುಟ್ಟುವುದಿಲ್ಲ ಅಂತ ಒಂದು ಮಾತು ಮಾತ್ರ ತೆಗೆದುಕೊಳ್ಳಿ.